ಮುರಿದ ಬ್ಲೇಡನ್ನು ಎಸೆಯುವ ಮೊದಲು: ಸ್ಕ್ರೋಲ್ ಸಾ ಹೊಸಬರಿಗೆ ದೋಷ ನಿವಾರಣೆ ಕೈಪಿಡಿ

ಹೋದ ಜುಲೈನಲ್ಲಿ ಪಕ್ಕದ ತೋಟದ ಹುಡುಗ ಫೋನ್ ಮಾಡಿದ. ಡಿಗ್ರಿ ಮುಗಿಸಿ, ಕುಶಾಲನಗರದ ಅಂಗಡಿಗಳಿಗೆ ಮರದ ಆನೆ, ಕೀ ಗೊಂಚಲು ಮಾಡಿ ಕೊಡೋಣ ಅಂತ ಒಂದು ಸ್ಕ್ರೋಲ್ ಸಾ (ತೆಳು ಬ್ಲೇಡ್ ಮೇಲೆ ಕೆಳಗೆ ಓಡಿ ಮರವನ್ನು ಬೇಕಾದ ಆಕಾರಕ್ಕೆ ಕೊಯ್ಯುವ ಸಣ್ಣ ಗರಗಸ ಯಂತ್ರ) ತರಿಸಿಕೊಂಡಿದ್ದ.

"ಅಣ್ಣಾ, ಈ ಬ್ಲೇಡೇ ಸರಿಯಿಲ್ಲ. ಬೆಳಗ್ಗಿಂದ ನಾಲ್ಕು ಹೋಯ್ತು."

"ಎಲ್ಲಿ ಮುರೀತು?"

"ಇಲ್ಲೇ, ಶೆಡ್ಡಲ್ಲಿ."

"ಅದಲ್ಲ ಮಾರಾಯ, ಬ್ಲೇಡಿನಲ್ಲಿ ಎಲ್ಲಿ ಮುರೀತು? ಮೇಲೋ, ಕೆಳಗೋ, ಮಧ್ಯದಲ್ಲೋ?"

ಗೊತ್ತಿರಲಿಲ್ಲ. ನಾಲ್ಕನ್ನೂ ಕಸಕ್ಕೆ ಹಾಕಿಯಾಗಿತ್ತು. ಹುಡುಕಿ ತೆಗೆದುಕೊಂಡು ಬಾ ಅಂದೆ. ಹೊಸಬರು ಯಾರೇ ಕೇಳಲಿ, ಬ್ಲೇಡ್ ಸಮಸ್ಯೆಗೆ ನಾನು ಮೊದಲು ಹೇಳುವುದು ಇಷ್ಟೇ: ಮುರಿದ ತುಂಡು ಕೈಗೆ ಬರುವವರೆಗೆ ಹೊಸ ಬ್ಲೇಡ್ ಹಾಕಬೇಡಿ. ಬ್ಲೇಡ್ ಕಳಪೆ ಇರುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕಾಫಿಪುಡಿ ಡಬ್ಬಿಯಲ್ಲಿ ಕೂಡಿಟ್ಟ ಮುರುಕಲುಗಳಲ್ಲಿ ಹೆಚ್ಚಿನವು ನನ್ನ ಕೈಯಿಂದಲೇ ಸತ್ತವು.

ಮುರಿದ ಜಾಗ ಏನು ಹೇಳುತ್ತದೆ

ಸ್ಕ್ರೋಲ್ ಸಾ ಬ್ಲೇಡ್ 5 ಇಂಚು ಉದ್ದದ ತೆಳು ಉಕ್ಕಿನ ಪಟ್ಟಿ. ನಂಬರ್ ಹೆಚ್ಚಿದಷ್ಟೂ ಬ್ಲೇಡ್ ದೊಡ್ಡದು. ನಾವು ಹೆಚ್ಚು ಬಳಸುವ 5ನೇ ನಂಬರಿನ ಅಗಲ ಸುಮಾರು 1 ಮಿಲಿಮೀಟರ್, ದಪ್ಪ ಅದರ ಅರ್ಧಕ್ಕೂ ಕಡಿಮೆ. ಇದು ನಿಮಿಷಕ್ಕೆ 400ರಿಂದ 1600 ಸಲ ಮೇಲೆ ಕೆಳಗೆ ಓಡಬೇಕು. ಎರಡು ತುದಿಯಲ್ಲಿ ಹಿಡಿದು ಎಳೆದು ನಿಲ್ಲಿಸಿದ ಇಂಥ ಪಟ್ಟಿಗೆ ಎದುರಿನಿಂದ ಮರ ಒತ್ತಿದರೆ ಅದು ಹಿಂದಕ್ಕೆ ಬಾಗುತ್ತದೆ. ಹಾಗೆ ಬಾಗಿ ಬಾಗಿ ಸೋತ ಕಡೆ ತುಂಡಾಗುತ್ತದೆ.

ಮಧ್ಯದಲ್ಲಿ, ಮರ ತಾಗುವ ಎತ್ತರದಲ್ಲೇ ಮುರಿದಿದ್ದರೆ ತಪ್ಪು ಬಹುಮಟ್ಟಿಗೆ ತಳ್ಳುವ ಕೈಯದು. ಮುರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಬ್ಲೇಡ್ ಕಾದಿದೆ. ಅಂದರೆ ಹಲ್ಲು ಮೊಂಡಾದ ಮೇಲೂ ಕೊಯ್ದಿದ್ದೀರಿ, ಇಲ್ಲವೇ ದಪ್ಪ ಮರಕ್ಕೆ ಸಣ್ಣ ಬ್ಲೇಡ್ ಹಾಕಿ ಅವಸರ ಮಾಡಿದ್ದೀರಿ. ಬಣ್ಣ ಬದಲಾಗದೆ ಮುರಿದ ಕಡೆ ಸ್ವಲ್ಪ ತಿರುಚಿಕೊಂಡಿದ್ದರೆ ಚೂಪು ಮೂಲೆಯಲ್ಲಿ ಮರವನ್ನು ಬಲವಂತವಾಗಿ ತಿರುಗಿಸಿದ್ದೀರಿ. ಆನೆಯ ಸೊಂಡಿಲು ಮತ್ತು ದಂತದ ನಡುವಿನ ಸಂದಿಯಲ್ಲಿ ಹೊಸಬರ ಬ್ಲೇಡ್ ಮುರಿಯುವುದು ಹೀಗೆಯೇ. ಅಲ್ಲಿ ಮುಂದಕ್ಕೆ ಒತ್ತುವುದನ್ನು ಪೂರ್ತಿ ನಿಲ್ಲಿಸಿ, ಬ್ಲೇಡಿನ ಬೆನ್ನನ್ನು ಕೊಯ್ದ ಸೀಳಿನ ಗೋಡೆಗೆ ಮೆಲ್ಲಗೆ ತಾಗಿಸಿಕೊಂಡು, ಮರವನ್ನು ನಿಂತಲ್ಲೇ ತಿರುಗಿಸಬೇಕು. ಹಲ್ಲು ತನಗೆ ಬೇಕಾದಷ್ಟು ಜಾಗವನ್ನು ತಾನೇ ಮಾಡಿಕೊಳ್ಳುತ್ತದೆ.

ಮೇಲಿನ ಅಥವಾ ಕೆಳಗಿನ ಹಿಡಿಕೆಯ (ಬ್ಲೇಡಿನ ತುದಿಯನ್ನು ತಿರುಪಿನಿಂದ ಕಚ್ಚಿ ಹಿಡಿಯುವ ಕ್ಲಾಂಪ್) ಬುಡದಲ್ಲೇ ಮುರಿದಿದ್ದರೆ ಕೈಯನ್ನು ಬಿಟ್ಟು ಯಂತ್ರವನ್ನು ನೋಡಿ. ಎರಡು ಹಿಡಿಕೆಗಳು ಒಂದೇ ನೇರಕ್ಕೆ ಇಲ್ಲದಿದ್ದರೆ ಬ್ಲೇಡ್ ಅಲ್ಲಿ ಸಣ್ಣದಾಗಿ ಮಡಿಚಿಕೊಂಡೇ ಕೂತಿರುತ್ತದೆ. ಪ್ರತಿ ಓಟಕ್ಕೂ ಆ ಮಡಿಕೆ ಬಾಗುತ್ತದೆ. ತಗಡನ್ನು ಅತ್ತಿತ್ತ ಮಡಿಚಿ ಮುರಿಯುತ್ತೇವಲ್ಲ, ಅದೇ ಕತೆ. ಪ್ಲಗ್ ಕಿತ್ತು, ಬ್ಲೇಡ್ ಕಟ್ಟಿ, ಎದುರಿನಿಂದಲೂ ಪಕ್ಕದಿಂದಲೂ ಕಣ್ಣಳತೆ ಮಾಡಿದರೆ ಈ ಸೊಟ್ಟ ಕಾಣುತ್ತದೆ.

ತುದಿಗಳಲ್ಲಿ ಅಡ್ಡಕ್ಕೆ ಸಣ್ಣ ಪಿನ್ ಇರುವ ಬ್ಲೇಡಾದರೆ ಪಿನ್ನಿನ ತೂತಿನ ಹತ್ತಿರ ಮುರಿಯುವುದು ಹೆಚ್ಚು. ತೂತು ಕೊರೆದ ಜಾಗವೇ ಬಲಹೀನ. ಪಿನ್ ಕೂರುವ ಕೊಕ್ಕೆಯಲ್ಲಿ ಮರದ ಪುಡಿ ಗಟ್ಟಿಯಾಗಿ ಕೂತಿದ್ದರೆ ಪಿನ್ ಓರೆಯಾಗಿ, ಮುರಿಯುವುದು ಇನ್ನೂ ಬೇಗ. ಸೂಜಿಯಿಂದ ಕೆರೆದು ತೆಗೆಯಿರಿ.

ಹುಡುಗನ ನಾಲ್ಕು ತುಂಡುಗಳಲ್ಲಿ ಮೂರು ಮೇಲಿನ ಹಿಡಿಕೆಯ ಬುಡದಲ್ಲಿ ಮುರಿದಿದ್ದವು. ನಾಲ್ಕನೆಯದು ಮಧ್ಯದಲ್ಲಿ, ನೀಲಿಯಾಗಿ. ಒಂದೇ ಬೆಳಿಗ್ಗೆ ಎರಡು ಬೇರೆ ಬೇರೆ ರೋಗ. ಮೊದಲನೆಯದರ ಕಾರಣ ಅವನೇ ಬಾಯಿಬಿಟ್ಟ: ಬ್ಲೇಡ್ ಜಾರುತ್ತದೆಂದು ಹಿಡಿಕೆಯ ತಿರುಪನ್ನು ಕಟಿಂಗ್ ಪ್ಲೇಯರ್‌ನಲ್ಲಿ ಬಿಗಿದಿದ್ದನಂತೆ. ತಿರುಪಿನ ತುದಿ ಸವೆದು ಗುಳಿಬಿದ್ದು, ಬ್ಲೇಡನ್ನು ಓರೆಯಾಗಿ ಕಚ್ಚುತ್ತಿತ್ತು. ತುದಿಯನ್ನು ಅರದಲ್ಲಿ ಸಪಾಟು ಮಾಡಿದೆವು. ಎರಡನೆಯ ರೋಗಕ್ಕೆ ಆಮೇಲೆ ಬರುತ್ತೇನೆ.

ಬಿಗಿತ ಸರಿಯಾಗಿದೆಯೇ?

ಇದನ್ನು ಬರೆದು ಕಲಿಸುವುದು ಕಷ್ಟ, ಕಿವಿಯಲ್ಲಿ ಕಲಿಯಬೇಕು. ಯಂತ್ರ ನಿಲ್ಲಿಸಿ, ಪ್ಲಗ್ ತೆಗೆದು, ಬ್ಲೇಡನ್ನು ಬೆನ್ನಿನ ಕಡೆಯಿಂದ ಬೆರಳಲ್ಲಿ ಮೀಟಿ. ತಂಬೂರಿ ತಂತಿಯ ಹಾಗೆ ಎತ್ತರದ ಸ್ವರದಲ್ಲಿ "ಟಿಣ್" ಅನ್ನಬೇಕು. ದಪ್ಪ ಸ್ವರದಲ್ಲಿ ಗುಂಯ್ ಅಂದರೆ ಸಡಿಲ. ಕಿವಿ ನಂಬದವರು ಬ್ಲೇಡಿನ ಮಧ್ಯಭಾಗವನ್ನು ಪಕ್ಕಕ್ಕೆ ಒತ್ತಿ ನೋಡಿ. 3 ಮಿಲಿಮೀಟರ್‌ಗಿಂತ ಹೆಚ್ಚು ಸರಿಯಬಾರದು.

ಹೊಸಬರು ಬ್ಲೇಡ್ ಮುರಿಯುವ ಹೆದರಿಕೆಯಲ್ಲಿ ಬಿಗಿತ ಕಡಿಮೆ ಮಾಡುತ್ತಾರೆ. ಇದು ಉಲ್ಟಾ. ಸಡಿಲ ಬ್ಲೇಡ್ ಹೆಚ್ಚು ಬಾಗುತ್ತದೆ, ಗೆರೆ ಬಿಟ್ಟು ಅಲೆಯುತ್ತದೆ, ಬೇಗ ಮುರಿಯುತ್ತದೆ. ಅತಿ ಬಿಗಿಯಾದರೂ ಮುರಿಯುತ್ತದೆ, ನಿಜ. ಆದರೆ ಅದು ಸ್ವಿಚ್ ಹಾಕಿದ ಕೂಡಲೇ ಅಥವಾ ಮೊದಲ ತಿರುವಿನಲ್ಲೇ ಫಟ್ ಅಂದುಬಿಡುತ್ತದೆ. ಸಡಿಲದ್ದು ಹತ್ತು ನಿಮಿಷ ನಂಬಿಸಿ ಕೈಕೊಡುತ್ತದೆ. ಇನ್ನೊಂದು, ಹೊಸ ಬ್ಲೇಡ್ ಹಿಡಿಕೆಯಲ್ಲಿ ಕೂತ ಮೇಲೆ ಸ್ವಲ್ಪ ಸಡಿಲಗೊಳ್ಳುವುದುಂಟು. ಒಂದೆರಡು ನಿಮಿಷ ಕೊಯ್ದು ಮತ್ತೆ ಮೀಟಿ ನೋಡಿ.

ಹಿಡಿಕೆಯಿಂದ ಬ್ಲೇಡ್ ಜಾರಿ ಬರುವುದು

ಇದರಲ್ಲಿ ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ನಮ್ಮ ಕೊಡಗಿನಲ್ಲಿ ಜೂನ್ ಬಂತೆಂದರೆ ಕಬ್ಬಿಣ ಅಂತ ಇರುವುದೆಲ್ಲ ತುಕ್ಕು. ಕತ್ತಿ, ಗುದ್ದಲಿ, ಬಾಗಿಲ ಚಿಲಕ, ಯಾವುದೂ ಬಾಕಿ ಇಲ್ಲ. ಬ್ಲೇಡುಗಳಿಗೂ ತುಕ್ಕು ಬರುತ್ತದಲ್ಲಾ ಅಂತ ಒಂದು ವರ್ಷ ಅಷ್ಟಕ್ಕೂ ತೆಂಗಿನೆಣ್ಣೆ ಸವರಿ ಇಟ್ಟೆ. ತುಕ್ಕು ಬರಲಿಲ್ಲ. ಆದರೆ ಒಂದು ವಾರ ಒಂದು ಬ್ಲೇಡೂ ಹಿಡಿಕೆಯಲ್ಲಿ ನಿಲ್ಲಲಿಲ್ಲ. ತಿರುಪು ಬಿಗಿದಷ್ಟೂ ಜಾರುತ್ತಿತ್ತು. ಹಿಡಿಕೆಯೇ ಹಾಳಾಗಿದೆ ಅಂತ ಹೊಸ ಜೊತೆ ತರಿಸಿದೆ. ಅದರಲ್ಲೂ ಜಾರಿತು. ಆಗಲೇ ತಲೆಗೆ ಹೊಳೆದದ್ದು.

ಹೊಸ ಬ್ಲೇಡಿಗೂ ಕಾರ್ಖಾನೆಯ ಎಣ್ಣೆ ತೆಳ್ಳಗೆ ಸವರಿರುತ್ತದೆ. ಹಾಗಾಗಿ ಹಾಕುವ ಮೊದಲು ಎರಡು ತುದಿಯ ಅರ್ಧ ಇಂಚನ್ನು ಥಿನ್ನರ್ ಅಥವಾ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿ, 220ರ ಸ್ಯಾಂಡ್ ಪೇಪರ್‌ನಲ್ಲಿ ಎರಡೆಳೆ ಉಜ್ಜಿ. ಹಿಡಿಕೆಯ ಒಳಬಾಯಿಗೂ ಹೀಗೇ ಮಾಡಿ. ಒರೆಸಿದ ಬಟ್ಟೆಯನ್ನು ಯಂತ್ರದ ಹತ್ತಿರ ಬಿಡಬೇಡಿ, ಮೋಟಾರ್ ಕಿಡಿಗೆ ಹೊತ್ತಿಕೊಂಡೀತು. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಜಾರುವಿಕೆ ಇಷ್ಟಕ್ಕೇ ನಿಲ್ಲುತ್ತದೆ. ಆಮೇಲೂ ಜಾರಿದರೆ ತಿರುಪಿನ ತುದಿ ನೋಡಿ. ಹುಡುಗನದ್ದರಂತೆ ಗುಳಿಬಿದ್ದಿರಬಹುದು. ಕೈಯಲ್ಲಿ ಬಿಗಿದು ನಿಲ್ಲದ್ದು ಪ್ಲೇಯರ್‌ನಲ್ಲಿ ಬಿಗಿದರೂ ಹೆಚ್ಚು ದಿನ ನಿಲ್ಲುವುದಿಲ್ಲ.

ಮರ ಕುಣಿಯುತ್ತದೆ, ಕಟಕಟ ಬಡಿಯುತ್ತದೆ

ಮೊದಲು ಹಲ್ಲಿನ ದಿಕ್ಕು. ಹಲ್ಲು ಕೆಳಮುಖವಾಗಿ, ನಿಮ್ಮ ಕಡೆಗೆ ಇರಬೇಕು. ಸಣ್ಣ ನಂಬರಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಬೆರಳನ್ನು ಹಲ್ಲಿನ ಅಂಚಿನ ಮೇಲೆ ಹಗುರವಾಗಿ ಕೆಳಗಿನಿಂದ ಮೇಲಕ್ಕೆ ಎಳೆದರೆ ತಡೆಯಬೇಕು, ಮೇಲಿನಿಂದ ಕೆಳಕ್ಕೆ ಜಾರಬೇಕು. ತಲೆಕೆಳಗಾಗಿ ಹಾಕಿದ ಬ್ಲೇಡ್ ಪ್ರತಿ ಓಟಕ್ಕೂ ಮರವನ್ನು ಯಂತ್ರದ ಮೇಜಿನಿಂದ ಎತ್ತಿ ಬಡಿಯುತ್ತದೆ. ನಾಚಿಕೆ ಪಡಬೇಡಿ, ಇಪ್ಪತ್ತು ವರ್ಷ ಕೆಲಸ ಮಾಡಿದ ಆಚಾರ್ರೂ ಕನ್ನಡಕ ಮರೆತ ದಿನ ಹೀಗೆ ಹಾಕುತ್ತಾರೆ.

ದಿಕ್ಕು ಸರಿಯಿದ್ದೂ ಕುಣಿದರೆ ಮೂರು ಅನುಮಾನ: ಮರದ ತಳ ಸಪಾಟಿಲ್ಲ, ಹಲ್ಲು ತೆಳು ಮರಕ್ಕೆ ತೀರಾ ದೊಡ್ಡದು, ಅಥವಾ ಕೈ ಸರಿಯಾಗಿ ಅದುಮಿಲ್ಲ. ಮರದ ದಪ್ಪದೊಳಗೆ ಯಾವಾಗಲೂ ಮೂರು ಹಲ್ಲಾದರೂ ಇರಬೇಕು ಎನ್ನುವುದು ಹಳೆಯ ಲೆಕ್ಕ. 3 ಮಿಲಿಮೀಟರ್ ಪ್ಲೈವುಡ್‌ಗೆ 9ನೇ ನಂಬರ್ ಹಾಕಿದರೆ ಕೊಯ್ಯುವುದಿಲ್ಲ, ಕೀಳುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ವಿಶೇಷ ಅಪಾಯ ಕಾಫಿ ಗಿಡದ ಕಾಂಡ. ಹಳೆ ತೋಟ ಕಿತ್ತು ಹೊಸದಾಗಿ ನೆಡುವಾಗ ರೋಬಸ್ಟಾ ಕಾಂಡ ರಾಶಿ ಸಿಗುತ್ತದೆ. ಗಟ್ಟಿ ಮರ, ಒಳ್ಳೆ ಬಣ್ಣ. ಅದನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಲೋಟದ ಅಡಿಮಣೆ ಮಾಡುವ ಆಸೆ ಎಲ್ಲರಿಗೂ. ಆದರೆ ದುಂಡು ಮರವನ್ನು ಮೇಜಿನ ಮೇಲೆ ಹಾಗೇ ಇಟ್ಟು ಕೊಯ್ಯಲು ಹೋದರೆ ಬ್ಲೇಡ್ ಹಿಡಿದು ಗರಕ್ಕನೆ ಉರುಳಿಸುತ್ತದೆ. ಬ್ಲೇಡಂತೂ ಹೋಗುತ್ತದೆ, ಬೆರಳು ಉಳಿದರೆ ಪುಣ್ಯ. ಒಂದು ಮರದ ತುಂಡಿಗೆ ವಿ ಆಕಾರದ ಕಾಲುವೆ ಮಾಡಿ, ಕಾಂಡವನ್ನು ಅದರಲ್ಲಿ ಕೂರಿಸಿ, ಅದು ತಿರುಗದ ಹಾಗೆ ಟೇಪಿನಲ್ಲಿ ಬಿಗಿದು, ಎರಡನ್ನೂ ಒಟ್ಟಿಗೆ ಕೊಯ್ಯಿರಿ. ಎರಡಿಂಚಿಗಿಂತ ದಪ್ಪ ಕಾಂಡಕ್ಕೆ ಈ ಯಂತ್ರವೇ ಬೇಡ, ಕೈ ಗರಗಸ ಸಾಕು.

ಗೆರೆ ಬಿಟ್ಟು ಒಂದೇ ಕಡೆಗೆ ಹೋಗುತ್ತದೆ

ಹೊಸಬರನ್ನು ಅತಿ ಹೆಚ್ಚು ಗೋಳಾಡಿಸುವ ಸಂಗತಿ ಇದು, ಮತ್ತು ಇದು ದೋಷವೇ ಅಲ್ಲ. ಬ್ಲೇಡಿಗೆ ಹಲ್ಲು ಮಾಡುವಾಗ ಒಂದು ಪಕ್ಕದಲ್ಲಿ ಸಣ್ಣ ಸುಂಕು (ಉಕ್ಕಿನ ಒರಟು ಅಂಚು) ಉಳಿಯುತ್ತದೆ. ಆ ಪಕ್ಕ ಹೆಚ್ಚು ಕೊಯ್ಯುವುದರಿಂದ ಬ್ಲೇಡ್ ಆ ಕಡೆಗೆ ಎಳೆಯುತ್ತದೆ, ಸಾಮಾನ್ಯವಾಗಿ ಬಲಕ್ಕೆ. ಟೇಬಲ್ ಸಾ ತರಹ ಮರವನ್ನು ಮೂಗಿನ ನೇರಕ್ಕೆ ತಳ್ಳಿದರೆ ಗೆರೆ ತಪ್ಪುವುದು ಖಂಡಿತ.

ಬೇಡದ ತುಂಡಿನ ಮೇಲೆ ನೇರ ಗೆರೆ ಎಳೆದು, ಹೇಗಾದರೂ ಸರಿ, ಗೆರೆಯ ಮೇಲೆಯೇ ಕೊಯ್ಯುತ್ತಾ ಹೋಗಿ. ಅರ್ಧದಲ್ಲಿ ಯಂತ್ರ ನಿಲ್ಲಿಸಿ ಮರ ಎಷ್ಟು ಓರೆಯಾಗಿ ನಿಂತಿದೆ ನೋಡಿ. ಆ ಬ್ಲೇಡಿಗೆ ಆ ಓರೆಯೇ ನೇರ. ಹಾಗೇ ತಳ್ಳಿ. ಮರಕ್ಕೆ ಆಸರೆಯಾಗಿ ಮೇಜಿನ ಮೇಲೆ ನೇರ ಪಟ್ಟಿ ಕಟ್ಟಿ ಕೊಯ್ಯುವ ಯೋಚನೆ ಈ ಯಂತ್ರದಲ್ಲಿ ಬಿಟ್ಟುಬಿಡಿ. ಓರೆ ತೀರಾ ಹೆಚ್ಚಿದ್ದರೆ, ಯಂತ್ರ ಓಡುತ್ತಿರುವಾಗ ನುಣುಪಾದ ಸಾಣೆಕಲ್ಲನ್ನು ಆ ಪಕ್ಕಕ್ಕೆ ಒಂದು ಕ್ಷಣ ಹಗುರವಾಗಿ ತಾಗಿಸಿದರೆ ಸುಂಕು ಸವೆಯುತ್ತದೆ. ಮೊದಲ ತಿಂಗಳಲ್ಲಿ ಅದನ್ನು ಮಾಡಲು ಹೋಗಬೇಡಿ.

ನಿನ್ನೆವರೆಗೆ ಸರಿಯಿದ್ದ ಬ್ಲೇಡ್ ಇವತ್ತು ಇದ್ದಕ್ಕಿದ್ದಂತೆ ಅಲೆಯತೊಡಗಿದರೆ ಮಾತ್ರ ಅದು ದೋಷ. ಬಿಗಿತ ಇಳಿದಿದೆ ಅಥವಾ ಹಲ್ಲು ಮುಗಿದಿದೆ.

ಕೊಯ್ದ ಗೋಡೆ ಸುಟ್ಟು ಕಪ್ಪಾಗಿದೆ

ಹುಡುಗನ ನಾಲ್ಕನೆಯ ಬ್ಲೇಡಿನ ಕತೆ ಇದು. ಹಳೆ ಬಾಗಿಲಿನ ಬೀಟೆ ಹಲಗೆಯ ತುಂಡು ಅವನಿಗೆ ಸಿಕ್ಕಿತ್ತು, ಮುಕ್ಕಾಲು ಇಂಚು ದಪ್ಪ. (ಬೀಟೆಗೆ ಹೀಗೆ ಹಳೆ ಮರವೇ ಗತಿ. ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.) ಮೈಸೂರಿನಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಿಂದ ಅಗ್ಗಕ್ಕೆ ಒಂದು ಕಟ್ಟು ಬ್ಲೇಡ್ ತಂದಿದ್ದ. ಉದ್ದ ಸರಿಹೊಂದುತ್ತದೆ, ಹಿಡಿಕೆಯಲ್ಲೂ ಕೂರುತ್ತದೆ. ಆದರೆ ಅದು ಬೆಳ್ಳಿ, ಹಿತ್ತಾಳೆ ತಗಡು ಕೊಯ್ಯುವ ಬ್ಲೇಡ್. ಹಲ್ಲುಗಳ ನಡುವೆ ಜಾಗವೇ ಇಲ್ಲ. ಮರದ ಪುಡಿ ಹೊರಗೆ ಬರಲು ದಾರಿಯಿಲ್ಲದೆ ಸಂದಿಯಲ್ಲಿ ಕೂತು, ಉಜ್ಜಿ ಉಜ್ಜಿ ಬಿಸಿಯಾಗಿ, ಮರ ಸುಟ್ಟು, ಬ್ಲೇಡ್ ನೀಲಿಯಾಗಿ ಮುರಿಯಿತು. ಮರಕ್ಕೆ ಬೇಕಾದದ್ದು ಒಂದು ಹಲ್ಲು ಬಿಟ್ಟು ಒಂದು ಇರುವ ಸ್ಕಿಪ್ ಟೂತ್ ಬ್ಲೇಡ್.

ಮರದ ಬ್ಲೇಡೇ ಹಾಕಿಯೂ ಸುಡುತ್ತಿದ್ದರೆ ವೇಗ ಇಳಿಸಿ. ಬೀಟೆ, ತೇಗದಂಥ ಎಣ್ಣೆ ಅಂಶದ ಮರಕ್ಕೆ, ಕಾಫಿ ಕಾಂಡದಂಥ ಗಟ್ಟಿ ಮರಕ್ಕೆ ಪೂರ್ತಿ ವೇಗ ಬೇಡ. ಮರದ ಮೇಲೆ ಪಾರ್ಸೆಲ್ ಅಂಟಿಸುವ ಪಾರದರ್ಶಕ ಟೇಪ್ ಹಚ್ಚಿ ಕೊಯ್ದರೆ ಸುಡುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ನಾನು ಮೊದಲು ನಂಬಿರಲಿಲ್ಲ, ಒಂದೇ ಹಲಗೆಯ ಅರ್ಧಕ್ಕೆ ಹಚ್ಚಿ ಅರ್ಧ ಬಿಟ್ಟು ನೋಡಿದ ಮೇಲೆ ನಂಬಿದೆ. ಬೀಟೆಯ ಪುಡಿ ಕೆಲವರಿಗೆ ಚರ್ಮಕ್ಕೆ, ಮೂಗಿಗೆ ಆಗುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ.

ಬ್ಲೇಡ್ ಆಯ್ಕೆಗೆ ನನ್ನ ಅಂದಾಜು: ಕಾಲು ಇಂಚಿನವರೆಗೆ 1ರಿಂದ 3, ಅರ್ಧದಿಂದ ಮುಕ್ಕಾಲು ಇಂಚಿಗೆ 5, ಒಂದಿಂಚಿಗೆ 7 ಅಥವಾ 9, ಅದಕ್ಕೂ ದಪ್ಪಕ್ಕೆ 12. ಗಟ್ಟಿ ಮರಕ್ಕೆ ಒಂದು ಮೆಟ್ಟಿಲು ಮೇಲೆ ಹೋಗಿ. ತಯಾರಕರಿಂದ ತಯಾರಕರಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ.

ಮೇಲೆ ಸರಿ, ಕೆಳಗೆ ಓರೆ

ಆನೆಯ ಮೇಲ್ಭಾಗ ಗೆರೆಯಂತೆ ಬಂದಿದೆ, ತಿರುಗಿಸಿ ನೋಡಿದರೆ ಹಿಂಬದಿಯ ಆನೆ ದಪ್ಪ. ಮೇಜು ಬ್ಲೇಡಿಗೆ ಲಂಬವಾಗಿಲ್ಲ. ಯಂತ್ರದ ಜೊತೆ ಬರುವ ಡಿಗ್ರಿ ಪಟ್ಟಿಯನ್ನು ನಂಬಬೇಡಿ. ಒಂದೂವರೆ ಇಂಚು ದಪ್ಪದ ತುಂಡಿನ ಅಂಚಿನಲ್ಲಿ ಸಣ್ಣದಾಗಿ ಒಂದು ಗೀರು ಕೊಯ್ದು, ಯಂತ್ರ ನಿಲ್ಲಿಸಿ, ತುಂಡನ್ನು ಮೇಜಿನ ಮೇಲೆಯೇ ಅರ್ಧ ಸುತ್ತು ತಿರುಗಿಸಿ ಬ್ಲೇಡಿನ ಹಿಂದಕ್ಕೆ ತನ್ನಿ. ಬ್ಲೇಡಿನ ಬೆನ್ನು ಆ ಗೀರಿನೊಳಗೆ ಮೇಲಿನಿಂದ ಕೆಳಗಿನವರೆಗೆ ಸಲೀಸಾಗಿ ಕೂತರೆ ಮೇಜು ಸರಿ. ಕೂರದಿದ್ದರೆ ಓರೆ ಇದೆ. ಇಲ್ಲಿ ಓರೆ ಎರಡು ಪಟ್ಟಾಗಿ ಕಾಣುವುದರಿಂದ ಮೂಲೆಮಟ್ಟಕ್ಕಿಂತ ಈ ಪರೀಕ್ಷೆ ಸೂಕ್ಷ್ಮ.

ಮೇಜು ಸರಿಯಿದ್ದೂ ಗೋಡೆ ಹೊಟ್ಟೆ ಬಂದ ಹಾಗೆ ಉಬ್ಬಿದ್ದರೆ ಬಿಗಿತ ಸಾಲದು, ಅಥವಾ ನೀವು ಮರವನ್ನು ಪಕ್ಕಕ್ಕೆ ಒತ್ತುತ್ತಿದ್ದೀರಿ.

ಅಡಿಯಲ್ಲಿ ಸಿಬಿರು

ಸಿಲ್ವರ್ ಓಕ್‌ನಲ್ಲಿ ಇದು ಹೆಚ್ಚು. ತೋಟದ ನೆರಳಿಗೆ, ಮೆಣಸಿನ ಬಳ್ಳಿಗೆ ಬೆಳೆಸಿದ ಮರ, ಎಲ್ಲರ ಮನೆಯಲ್ಲೂ ಹಲಗೆ ಇದೆ, ಹೊಸಬರು ಅದರಲ್ಲೇ ಕಲಿಯುವುದು. ಕೊನೆಯ ಕೆಲವು ಹಲ್ಲು ಮೇಲ್ಮುಖವಾಗಿರುವ ರಿವರ್ಸ್ ಟೂತ್ ಬ್ಲೇಡ್ ಹಾಕಿ. ಹಾಕಿಯೂ ಸಿಬಿರು ಬಂದರೆ ಪ್ಲಗ್ ತೆಗೆದು, ಯಂತ್ರದ ತೋಳನ್ನು (ಬ್ಲೇಡನ್ನು ಹಿಡಿದು ಮೇಲೆ ಕೆಳಗೆ ಆಡಿಸುವ ಭಾಗ) ಕೈಯಲ್ಲೇ ತಿರುಗಿಸಿ ಪೂರ್ತಿ ಮೇಲಕ್ಕೆ ತನ್ನಿ. ಆಗ ಎರಡು ಮೂರು ಉಲ್ಟಾ ಹಲ್ಲು ಮೇಜಿನ ಮೇಲೆ ಕಾಣಬೇಕು. ಕಾಣದಿದ್ದರೆ ಬ್ಲೇಡನ್ನು ಹಿಡಿಕೆಯಲ್ಲಿ ಸ್ವಲ್ಪ ಮೇಲಕ್ಕೆ ಕೂರಿಸಿ. ಅಗ್ಗದ ದಾರಿ: ಅಡಿಗೆ ತೆಳು ಪ್ಲೈವುಡ್ ಇಟ್ಟು ಎರಡನ್ನೂ ಒಟ್ಟಿಗೆ ಕೊಯ್ಯುವುದು.

ಮಳೆಗಾಲದ ದೋಷಗಳು

ಬಯಲುಸೀಮೆಯವರು ಇದನ್ನು ಬಿಟ್ಟು ಓದಬಹುದು. ಭಾಗಮಂಡಲ, ಮಡಿಕೇರಿ ಕಡೆಯವರು ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲಿಟ್ಟ ಹಲಗೆ ನೀರು ಹೀರಿಕೊಂಡು ಕೂತಿರುತ್ತದೆ. ಹಸಿ ಮರ ಕೊಯ್ದಂತೆ ಹಿಂದಿನಿಂದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ, ಪುಡಿ ಹಿಟ್ಟಿನ ಮುದ್ದೆಯಂತೆ ಹಲ್ಲಿಗೆ ಮೆತ್ತುತ್ತದೆ. ಬ್ಲೇಡಿನ ತಪ್ಪು ಏನೂ ಇಲ್ಲ. ಕೆಲಸಕ್ಕೆ ಬೇಕಾದ ಹಲಗೆಯನ್ನು ಕೆಲವು ವಾರ ಮೊದಲೇ ಅಡುಗೆಮನೆಯ ಅಟ್ಟಕ್ಕೆ ಏರಿಸಿ, ನಡುವೆ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಪೇರಿಸಿ. ಮನೆಯಲ್ಲಿ ಗೊಣಗುತ್ತಾರೆ, ಸಹಿಸಿಕೊಳ್ಳಿ.

ಬ್ಲೇಡುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ಎಣ್ಣೆ ಬೇಡ ಅಂತ ಮೇಲೆಯೇ ಹೇಳಿದೆ. ತುಕ್ಕು ಚುಕ್ಕೆ ಬಿದ್ದ ಬ್ಲೇಡ್ ಆ ಚುಕ್ಕೆಯಲ್ಲೇ ಮುರಿಯುತ್ತದೆ, ಉಜ್ಜಿ ಬಳಸುವ ಜಿಪುಣತನ ಬೇಡ.

ಇನ್ನು ಕರೆಂಟು. ಗಾಳಿ ಮಳೆಗೆ ವೋಲ್ಟೇಜ್ ಬಿದ್ದು ಬಲ್ಬ್ ಮಂಕಾದಾಗ ಯಂತ್ರದ ಓಟವೂ ಇಳಿಯುತ್ತದೆ. ನಮಗೆ ಗೊತ್ತಾಗದೆ ಕೈ ಮಾತ್ರ ಅದೇ ವೇಗದಲ್ಲಿ ತಳ್ಳುತ್ತಿರುತ್ತದೆ. ಫಟ್. ದೀಪ ಮಂಕಾದರೆ ಕೈಯನ್ನೂ ನಿಧಾನ ಮಾಡಿ, ಇಲ್ಲವೇ ಎದ್ದು ಒಂದು ಲೋಟ ಕಾಫಿ ಕುಡಿದು ಬನ್ನಿ. ಕೊಯ್ಯುವ ನಡುವೆ ಕರೆಂಟ್ ಹೋದರೆ ಮೊದಲು ಸ್ವಿಚ್ ಆರಿಸಿ, ಆಮೇಲೆ ಲೈನ್‌ಮ್ಯಾನಿಗೆ ಬೈಯಿರಿ. ಸ್ವಿಚ್ ಆನ್ ಇದ್ದಂತೆಯೇ ಬ್ಲೇಡ್ ಬಿಡಿಸಲು ಕೈ ಹಾಕಿದಾಗ ಕರೆಂಟ್ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಯಾವಾಗ ಬದಲಿಸಬೇಕು

ಮುರಿಯುವವರೆಗೆ ಕಾಯಬೇಡಿ. ಗಟ್ಟಿ ಮರದಲ್ಲಿ ಅರ್ಧ ಗಂಟೆ ನಿಜವಾಗಿ ಕೊಯ್ದರೆ ಒಂದು ಬ್ಲೇಡ್ ತನ್ನ ಕೆಲಸ ಮಾಡಿದೆ ಅಂತ ನಾನು ಲೆಕ್ಕ ಹಾಕುತ್ತೇನೆ. ಪ್ಲೈವುಡ್‌ನ ಅಂಟು ಹಲ್ಲನ್ನು ಇನ್ನೂ ಬೇಗ ತಿನ್ನುತ್ತದೆ. ಕೈ ಮೊದಲಿಗಿಂತ ಹೆಚ್ಚು ಒತ್ತುತ್ತಿದೆ ಅನ್ನಿಸಿದ ಕ್ಷಣವೇ ಬದಲಿಸುವ ಕ್ಷಣ.

ಯಂತ್ರದ ತಪಾಸಣೆಗೆ ನಾನು ಇಟ್ಟುಕೊಂಡ ದಿನ ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದ ಮುನ್ನಾದಿನ. ಕೋವಿ, ಕತ್ತಿಗಳನ್ನು ತೊಳೆದು ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುವ ಹಬ್ಬಕ್ಕೆ ಹೇಗೂ ಎಲ್ಲವನ್ನೂ ಹೊರಗೆ ತೆಗೆಯುತ್ತೇವೆ. ತೋಳನ್ನು ಪಕ್ಕಕ್ಕೆ ಅಲ್ಲಾಡಿಸಿ ಅದರ ಕೀಲಿನ ಬುಷ್ ಸವೆದಿದೆಯೇ ನೋಡುತ್ತೇನೆ, ಮೇಜಿನ ತುಕ್ಕು ಉಜ್ಜಿ ಮೇಣ ಹಚ್ಚುತ್ತೇನೆ, ಹಿಡಿಕೆಯ ತಿರುಪುಗಳ ತುದಿಗೆ ಒಂದು ಕೈ ಅರ ಆಡಿಸುತ್ತೇನೆ, ಬೆಂಚಿಗೆ ಕಟ್ಟಿದ ಬೋಲ್ಟ್ ಬಿಗಿಯುತ್ತೇನೆ. ಕಾಫಿಪುಡಿ ಡಬ್ಬಿಯನ್ನು ಪೇಪರ್ ಮೇಲೆ ಸುರಿದು, ಆ ವರ್ಷ ಮಧ್ಯದಲ್ಲಿ ಮುರಿದದ್ದೆಷ್ಟು, ಬುಡದಲ್ಲಿ ಮುರಿದದ್ದೆಷ್ಟು ಅಂತ ಎಣಿಸಿ, ಗುಜರಿಗೆ ಹಾಕುತ್ತೇನೆ. ಕಳೆದ ವರ್ಷ ಒಟ್ಟು ಹನ್ನೊಂದು. ಅದರಲ್ಲಿ ಏಳು ಮಧ್ಯದ್ದು.